ಮೊದಲ ಸಲ ಕೊಟ್ಟಿದ್ದು ಯಾರು?

ಪೆನ್ಸಿಲ್ ಗೀಟು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಆಪ್ತ ಸಮಾಲೋಚಕ. ಹೊಸಬರು ಬಂದಾಗ ಒಂದು ಫಾರಂ ತುಂಬಿಸುತ್ತೇವೆ. ಏನು ತಗೊಳ್ತೀರಿ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಹಿಂದೆ ಬಿಟ್ಟಿದ್ದಿರಾ, ಫಿಟ್ಸ್ ಬಂದಿತ್ತಾ. ಎಲ್ಲಾ ಕೇಳುತ್ತದೆ ಆ ಫಾರಂ. ಮೊದಲ ಸಲ ಕೊಟ್ಟಿದ್ದು ಯಾರು ಅಂತ ಮಾತ್ರ ಕೇಳುವುದಿಲ್ಲ.

ಮೂರು ವರ್ಷದ ಹಿಂದೆ ನಾನೇ ಸುಮ್ನೆ ಕೇಳೋಕೆ ಶುರು ಮಾಡಿದೆ. ಉತ್ತರವನ್ನು ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಮಾವ. ಸೀನಿಯರ್. ಮೇಸ್ತ್ರಿ. ಡಾಕ್ಟ್ರು. ಲಾರಿ ಕ್ಲೀನರ್ ಆಗಿದ್ದಾಗ ಡ್ರೈವರಣ್ಣ. ಒಬ್ಬರದು 'ಅಜ್ಜಿ, ಹಲ್ಲುನೋವಿಗೆ'. 'ಗೊತ್ತಿಲ್ಲದ ಯಾರೋ' ಅಂತ ಬರೆದಿದ್ದು ತೀರಾ ಕಡಿಮೆ. ಶಾಲೆ ಗೇಟಿನ ಹತ್ತಿರ ಚಾಕೊಲೇಟ್ ಹಂಚುವ ಕೆಟ್ಟ ಮನುಷ್ಯನ ಬಗ್ಗೆ ವಾಟ್ಸಾಪ್‌ನಲ್ಲಿ ದಿನಾ ಬರುತ್ತದಲ್ಲ, ಅವನು ನನ್ನ ಪೆನ್ಸಿಲ್ಲಿಗೆ ಇನ್ನೂ ಸಿಕ್ಕಿಲ್ಲ.

ವಯಸ್ಸು ಬದಲಾದ ಹಾಗೆ ಕೊಡುವ ಕೈ ಬದಲಾಗುತ್ತದೆ, ವಸ್ತುವೂ ಬದಲಾಗುತ್ತದೆ. ಯಾವ ಹೊತ್ತಿನಲ್ಲಿ ಕೊಟ್ಟರು ಅನ್ನುವುದು ಮಾತ್ರ ಹೆಚ್ಚುಕಮ್ಮಿ ಒಂದೇ. ಬೇರೆ ಯಾರೂ ಏನೂ ಕೊಡದ ಹೊತ್ತು ಅದು.

ನಿಮ್ಮ ಮನೆಯಲ್ಲಿ, ಕೇರಿಯಲ್ಲಿ, ಕೆಲಸದ ಜಾಗದಲ್ಲಿ ಕಂಡದ್ದನ್ನು ಬರೆಯಿರಿ. ಗಾಂಜಾ, ಮಾತ್ರೆ ಅಂತ ಮಾತ್ರ ಅಲ್ಲ, ಎಣ್ಣೆಯನ್ನೂ ಸೇರಿಸಿಕೊಳ್ಳಿ. ಏಮ್ಸ್‌ನವರು ಕೇಂದ್ರ ಸರ್ಕಾರಕ್ಕಾಗಿ ಮಾಡಿದ ಸಮೀಕ್ಷೆ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಗಾಂಜಾ, ಭಂಗಿ ಬಳಸುವವರು 3.1 ಕೋಟಿ. ಟಿವಿಯಲ್ಲಿ ಡ್ರಗ್ಸ್ ಡ್ರಗ್ಸ್ ಅಂತ ಕೂಗುತ್ತಿರುವಾಗ ನಮ್ಮ ವಾರ್ಡಿನ ಹಾಸಿಗೆಗಳಲ್ಲಿ ನಡುಗುತ್ತಾ ಮಲಗಿರುವವರು ಹೆಚ್ಚಿನಂಶ ಕ್ವಾರ್ಟರ್ ಗಿರಾಕಿಗಳೇ.

ನೇರ ಮಾತು

ಸರ್, ತಪ್ಪು ತಿಳಿಯಬೇಡಿ. ಇದೆಲ್ಲ ನೆಪ ಹುಡುಕುವ ಕೆಲಸ. ನಮ್ಮಪ್ಪನಿಗೆ ಮೂರು ಎಕರೆ ಖುಷ್ಕಿ, ಏಳು ಮಕ್ಕಳು. ಒಂದು ಬೀಡಿ ಸೇದಿದವರಲ್ಲ. ಕಷ್ಟವೇ ಕಾರಣ ಅನ್ನೋದಾದರೆ ಅವರು ಎಲ್ಲರಿಗಿಂತ ಮೊದಲು ಕುಡಿಯಬೇಕಿತ್ತು ಅಲ್ವಾ? ಕೊಟ್ಟವನು ಯಾರೇ ಇರಲಿ, ಬಾಯಿ ತೆರೆದವನು ಇವನೇ ತಾನೇ?

ನಮ್ಮೂರಲ್ಲೊಬ್ಬ ಇದ್ದಾನೆ. ಹೆಂಡತಿ ತಾಳಿ ಅಡ ಇಟ್ಟು ಕುಡಿದು ಬಂದು 'ನನ್ನ ಕಷ್ಟ ಯಾರಿಗೂ ಗೊತ್ತಿಲ್ಲ' ಅಂತ ಅಳುತ್ತಾನೆ. ಅವನ ಮನೆಯ ಕಷ್ಟ ಇಡೀ ಊರಿಗೆ ಗೊತ್ತು. ಅವನೇ ಅದು.

ಪ್ಲಾಟ್‌ಫಾರಂ ಐದು

ನೇರ ಮಾತು ಅವರೇ, ಒಂಬತ್ತು ವರ್ಷದ ಹುಡುಗನಿಗೂ ಇದನ್ನೇ ಹೇಳ್ತೀರಾ?

ನಾನು ಒಂದು ದೊಡ್ಡ ರೈಲ್ವೆ ಸ್ಟೇಷನ್ನಿನಲ್ಲಿ ಮನೆ ಬಿಟ್ಟು ಬಂದ ಮಕ್ಕಳ ಜೊತೆ ಕೆಲಸ ಮಾಡಿದವನು. ಅಲ್ಲಿನ ವಸ್ತು ಗಾಂಜಾ ಅಲ್ಲ, ಎಣ್ಣೆಯೂ ಅಲ್ಲ. ಪಂಕ್ಚರ್ ಹಾಕುವ ಸೊಲ್ಯೂಷನ್. ಹಳೇ ಬನಿಯನ್ ತುಂಡು ಮುಷ್ಟಿಯಲ್ಲಿ, ಮುಷ್ಟಿ ಮೂಗಿನ ಹತ್ತಿರ. ದೂರದಿಂದ ನೋಡಿದರೆ ಮಗು ಕೆಮ್ಮುತ್ತಿದೆ ಅನ್ನಿಸುತ್ತದೆ. ಹತ್ತಿರ ಹೋದರೆ ಬಾಯಿ ಸುತ್ತ ಚರ್ಮ ಸುಲಿದು ಕೆಂಪಾಗಿರುತ್ತದೆ. ನಾನು ಕೇಳಿದಾಗ ಒಬ್ಬ ಹೇಳಿದ್ದು ಎರಡೇ ಮಾತು: 'ಹಸಿವು ಆಗಲ್ಲ ಅಣ್ಣ. ಚಳಿ ಗೊತ್ತಾಗಲ್ಲ.'

ನೀವು ಹೇಳಿದ ಸಮೀಕ್ಷೆಯಲ್ಲೇ ಇದೂ ಇದೆ. ಬೇರೆ ವಸ್ತುಗಳಲ್ಲಿ ದೊಡ್ಡವರು ಮುಂದೆ. ಮೂಸುವ ವಸ್ತುಗಳಲ್ಲಿ ಮಾತ್ರ ಮಕ್ಕಳು. 10ರಿಂದ 17 ವರ್ಷದವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58.

ಮೊದಲು ಕೊಟ್ಟಿದ್ದು ಯಾರು ಅಂತ ಕೇಳಿದ್ದೀರಿ. ಇಲ್ಲಿ ಅದು ಅವರಿಗಿಂತ ಎರಡು ವರ್ಷ ದೊಡ್ಡ ಹುಡುಗ. ಪ್ಲಾಟ್‌ಫಾರಂ ಮೇಲೆ ಒಂಟಿಯಾಗಿ ಮಲಗಿದರೆ ರಾತ್ರಿ ಏನಾಗುತ್ತದೆ ಅಂತ ಆ ಮಕ್ಕಳಿಗೆ ಗೊತ್ತು. ಗುಂಪಿನ ಮಧ್ಯೆ ಮಲಗಬೇಕು. ಗುಂಪಿಗೆ ಸೇರಬೇಕಾದರೆ ಆ ಬಟ್ಟೆ ತುಂಡು ಕೈಗೆ ಬಂದಾಗ ಬೇಡ ಅನ್ನುವ ಹಾಗಿಲ್ಲ. ಮಕ್ಕಳಿಗೆ ಅಮಲು ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಆದರೆ ಹನ್ನೊಂದು ವರ್ಷದ ಹುಡುಗ ಒಂಬತ್ತು ವರ್ಷದವನಿಗೆ ಕೊಟ್ಟರೆ ಯಾರನ್ನು ಹಿಡಿಯೋದು?

ನೇರ ಮಾತು

ಮಕ್ಕಳ ವಿಷಯ ಬೇರೆ. ನಾನು ದೊಡ್ಡವರ ಮಾತಾಡಿದ್ದು.

ಹೊಳೆದಂಡೆ

ದೊಡ್ಡವರೂ ಒಂದು ಕಾಲಕ್ಕೆ ಮಕ್ಕಳೇ ಅಲ್ವಾ ಸಾಹೇಬ್ರೇ.

ನಾನು ರಾಯಚೂರು ಕಡೆಯವನು. ಹೆಂಡ ಅಂದರೆ ಈಚಲು ಮರದಿಂದ ಇಳಿಸಿದ್ದು ಅಂತ ನೀವು ತಿಳಿದಿದ್ದರೆ ನೀವು ನಮ್ಮ ಕಡೆಯವರಲ್ಲ. ಇರುವ ಮರಗಳಿಗೂ ಕುಡಿಯುವ ಲೋಟಗಳಿಗೂ ಲೆಕ್ಕ ಕೂಡೋದೇ ಇಲ್ಲ. ನಮ್ಮ ಕಡೆ ಮಾರುವ ಹೆಂಡದಲ್ಲಿ ಮರಕ್ಕಿಂತ ಪೌಡರ್ ಜಾಸ್ತಿ. ಸಿಎಚ್ ಪೌಡರ್ ಅಂತಾರೆ, ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಇದನ್ನು ಗಂಡಸರು ಮಾತ್ರ ಕುಡಿಯೋದಿಲ್ಲ. ಹೊಲದಿಂದ ಬಂದ ಹೆಣ್ಣುಮಕ್ಕಳೂ ಕುಡಿಯುತ್ತಾರೆ, ಮುದುಕರೂ ಕುಡಿಯುತ್ತಾರೆ. ಬೇಸಿಗೆಯಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡಿ ಬಂದವರಿಗೆ ಬೇಕಾದ್ದು ಅಮಲು ಅಲ್ಲ, ನಿದ್ದೆ.

ನನಗೆ ಮೊದಲು ಕೊಟ್ಟಿದ್ದು ನಮ್ಮವ್ವ. ಹತ್ತಿ ಬಿಡಿಸುವಾಗ ಬದುವಿನ ಮೇಲೆ ಮಲಗಿಸಿದ ಕೂಸು ಅಳಬಾರದು ಅಂತ, ಬೆರಳು ಅದ್ದಿ ಬಾಯಿಗಿಡುತ್ತಿದ್ದಳಂತೆ. ಅವಳೇ ನಗುತ್ತಾ ಹೇಳಿದ್ದು. ಅಂಗನವಾಡಿ ಆಗಿನ್ನೂ ನಮ್ಮ ಕೇರಿಗೆ ಬಂದಿರಲಿಲ್ಲ. ನಾನು ಕುಡುಕ ಆಗಲಿಲ್ಲ, ನಮ್ಮಣ್ಣ ಆದ. ಒಂದೇ ಅವ್ವ, ಒಂದೇ ಬೆರಳು. ನನಗೆ ಹಾಸ್ಟೆಲ್ ಸಿಕ್ಕಿತು, ಅವನಿಗೆ ಎತ್ತು ಸಿಕ್ಕಿತು.

ಇನ್ನೊಂದು ಮಾತು. 2015ರ ಸೆಪ್ಟೆಂಬರ್‌ನಲ್ಲಿ ಗಡಿಯಾಚೆ ಮಹಬೂಬ್‌ನಗರ, ನಿಜಾಮಾಬಾದ್ ಕಡೆ ಕಲಬೆರಕೆ ಹೆಂಡದ ಮೇಲೆ ದಾಳಿಯಾಗಿ ಪೌಡರ್ ಹೆಂಡ ದಿಢೀರ್ ನಿಂತಿತು. ನೂರಾರು ಜನ ಆಸ್ಪತ್ರೆ ಸೇರಿದರು. ಕೈಕಾಲು ನಡುಕ, ಫಿಟ್ಸ್, ಏನೇನೋ ಬಡಬಡಿಕೆ. ಊರೂರೇ ಹೀಗಾದಾಗ 'ಬಾಯಿ ತೆರೆದವನು ಇವನೇ' ಅಂತ ಎಷ್ಟು ಜನಕ್ಕೆ ಹೇಳ್ತೀರಿ?

ಸಾಸಿವೆ ಒಗ್ಗರಣೆ

ಓದುತ್ತಾ ಹೋದ ಹಾಗೆ ನಮ್ಮಮ್ಮನ ನೆನಪಾಯಿತು. ಬರೆಯಲೋ ಬೇಡವೋ ಅಂದುಕೊಂಡೆ. ನಮ್ಮಮ್ಮ ಶಿಕ್ಷಕಿ, ಏಕಾದಶಿ ಉಪವಾಸ ಬಿಡದವರು, ಕಾಫಿ ಜಾಸ್ತಿ ಕುಡಿದರೆ ತಪ್ಪು ಅನ್ನುವವರು.

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ನಿದ್ದೆ ಹೋಯಿತು. ಡಾಕ್ಟ್ರು ಹತ್ತು ದಿನಕ್ಕೆ ಅಂತ ಒಂದು ಮಾತ್ರೆ ಬರೆದುಕೊಟ್ಟರು. ಆ ಚೀಟಿ ಈಗ ಒಂಬತ್ತು ವರ್ಷ ಹಳೆಯದು. ಮಡಿಚಿ ಮಡಿಚಿ ಮಡಿಕೆಯಲ್ಲಿ ತೂತು ಬಿದ್ದಿದೆ, ಸೆಲ್ಲೋಟೇಪ್ ಅಂಟಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಅರ್ಧ ಮಾತ್ರೆ ಒಂದಾಯಿತು, ಒಂದು ಎರಡಾಯಿತು. ಹೋದ ಯುಗಾದಿಗೆ ನಮ್ಮ ಮನೆಗೆ ಬಂದಾಗ ಡಬ್ಬಿ ಮರೆತು ಬಂದಿದ್ದರು. ಎರಡನೇ ರಾತ್ರಿ ಮೈಯೆಲ್ಲಾ ಬೆವರು, ಕೈ ನಡುಕ. ನನ್ನ ಮಗಳನ್ನೇ ಗುರುತು ಹಿಡಿಯಲಿಲ್ಲ. ನಾವು ಸಕ್ಕರೆ ಕಾಯಿಲೆ ಅಂದುಕೊಂಡು ಓಡಿದೆವು. ಆಸ್ಪತ್ರೆಯಲ್ಲಿ ಆ ಚಿಕ್ಕ ವಯಸ್ಸಿನ ಡಾಕ್ಟ್ರು ಕೇಳಿದ್ದು ಒಂದೇ ಪ್ರಶ್ನೆ: 'ಏನಾದರೂ ಮಾತ್ರೆ ನಿಲ್ಲಿಸಿದ್ದಾರಾ?'

ಅಮ್ಮನಿಗೆ ಚಟ ಅನ್ನುವ ಪದ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಹೇಳುವುದಿಲ್ಲ. ನಾನೂ ಇಲ್ಲಿ ಮಾತ್ರ ಹೇಳುತ್ತಿದ್ದೇನೆ. ಬೇಸರವೇನೆಂದರೆ, ಒಂಬತ್ತು ವರ್ಷ ಅಮ್ಮ ರಾತ್ರಿ ಎಂಟೂವರೆಗೇ ಮಲಗುತ್ತಾರೆ ಅನ್ನುವುದು ನಮಗೆಲ್ಲ ಅನುಕೂಲವೇ ಆಗಿತ್ತು.

ಔಷಧಿ ಅಂಗಡಿ

ಸಾಸಿವೆ ಮೇಡಂ, ಆ ತೂತು ಬಿದ್ದ ಚೀಟಿಗಳು ನನಗೆ ಚೆನ್ನಾಗಿ ಗೊತ್ತು. ದಿನಕ್ಕೆ ಎರಡಾದರೂ ನೋಡುತ್ತೇನೆ.

ನಿಯಮ ಇಲ್ಲದೆ ಇಲ್ಲ. ಅಲ್ಪ್ರಜೋಲಾಂ, ಡಯಾಜೆಪಾಂ ತರಹದ ಮಾತ್ರೆಗಳು 2014ರ ಮಾರ್ಚ್‌ನಿಂದ ಎಚ್ 1 ಪಟ್ಟಿಯಲ್ಲಿವೆ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಅಂತ ಬೇರೆ ರಿಜಿಸ್ಟರ್ ಬರೆದು ಮೂರು ವರ್ಷ ಇಡಬೇಕು. ಹುಡುಗರು ಬಂದು ನೋವಿನ ಮಾತ್ರೆ ಸ್ಟ್ರಿಪ್‌ಗಟ್ಟಲೆ ಕೇಳಿದರೆ ಮುಖ ನೋಡಿ ಓಡಿಸುತ್ತೇನೆ. ಆದರೆ ರಾತ್ರಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಎಪ್ಪತ್ತು ದಾಟಿದ ಅಜ್ಜಿ ಬಂದು, 'ಇವತ್ತೊಂದು ದಿನ ಕೊಡಪ್ಪ' ಅಂದರೆ? ಇಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಪೂರ್ತಿ ನಿಲ್ಲಿಸಿಬಿಟ್ಟರೆ ನಿಮ್ಮಮ್ಮನಿಗೆ ಆದ ಹಾಗೆ ಆಗುತ್ತದೆ. ನಿಧಾನಕ್ಕೆ ಇಳಿಸಬೇಕು, ಅದಕ್ಕೆ ಡಾಕ್ಟರ್ ಬೇಕು. ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಕೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಇದ್ದಿದ್ದರೆ ಅವರು ಒಂಟಿಯಾಗಿ ನನ್ನ ಅಂಗಡಿಗೆ ಬರುತ್ತಲೇ ಇರಲಿಲ್ಲ.

ನಿಮ್ಮ ಪೆನ್ಸಿಲ್ ಪಟ್ಟಿಯಲ್ಲಿ ನನ್ನ ಕೈಯೂ ಇರುತ್ತದೆ, ಪೆನ್ಸಿಲ್ ಸರ್.

ನಿರ್ವಾಹಕರು

ಎರಡು ಪೋಸ್ಟ್ ತೆಗೆದಿದ್ದೇವೆ. ಒಂದರಲ್ಲಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದರು. ಇನ್ನೊಂದು 'ಕುಡುಕರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕುಡಿತ ಬಿಡಿಸಿ' ಅನ್ನುವ ಪುಡಿಯ ಜಾಹೀರಾತು. ದಯವಿಟ್ಟು ಎರಡೂ ಬೇಡ.

ಪೆನ್ಸಿಲ್ ಗೀಟು

ಥ್ಯಾಂಕ್ಸ್. ಆ ಸಾರಿನ ಪುಡಿ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಥ ಕೆಲವು ಪುಡಿಗಳಲ್ಲಿ ಡೈಸಲ್ಫಿರಾಂ ಇರುತ್ತದೆ. ಅದು ಒಳಗಿದ್ದಾಗ ಕುಡಿದರೆ ಬಿಪಿ ಕುಸಿಯಬಹುದು, ಹೃದಯಕ್ಕೂ ಪೆಟ್ಟು. ಡಾಕ್ಟರೇ ಕೊಟ್ಟರೂ ರೋಗಿಗೆ ಹೇಳಿ, ಒಪ್ಪಿಸಿ ಕೊಡುವ ಔಷಧಿ ಅದು. ಹಾಗೇ ದಿನಾ ಜಾಸ್ತಿ ಕುಡಿಯುವವರನ್ನು ರೂಮಿನಲ್ಲಿ ಕೂಡಿಹಾಕಿ ಬಿಡಿಸುವ ಸಾಹಸವೂ ಬೇಡ. ಎರಡು ಮೂರು ದಿನಕ್ಕೆ ಗೋಡೆ ಮೇಲೆ ಹುಳ ಹರಿದಾಡುವುದು ಕಾಣಿಸುತ್ತದೆ, ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು.

ಬ್ಯಾಕ್‌ಲಾಗ್ ಬಸಣ್ಣ

ಯುವಕರ ಕಡೆಯಿಂದ ನಾನು ಬರೆಯುತ್ತೇನೆ. ಈಗ ಕೆಲಸದಲ್ಲಿದ್ದೇನೆ, ನಾಲ್ಕು ವರ್ಷ ಆಯಿತು ಬಿಟ್ಟು.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಒಳ್ಳೇ ಅಂಕ, ಊರಲ್ಲಿ ಸನ್ಮಾನ, ಶಾಲು, ಏಲಕ್ಕಿ ಹಾರ. ಕರಾವಳಿಯ ಒಂದು ಎಂಜಿನಿಯರಿಂಗ್ ಕಾಲೇಜು ಸೇರಿದೆ. ಮೊದಲ ಸೆಮಿಸ್ಟರ್‌ನಲ್ಲೇ ನಾಲ್ಕು ವಿಷಯ ಹೋಯಿತು. ಅಪ್ಪನಿಗೆ ಹೇಳೋಕೆ ಆಗಲ್ಲ. ಸನ್ಮಾನದ ಫೋಟೋ ಇನ್ನೂ ಅಂಗಡಿಯಲ್ಲಿ ತೂಗುಹಾಕಿದ್ದಾರೆ. ಪಿಜಿಯಲ್ಲಿ ಎಲ್ಲರೂ ಇಂಗ್ಲಿಷ್, ಇಲ್ಲವೇ ತುಳು, ಮಲಯಾಳ. ಮೂರು ತಿಂಗಳು ನಾನು ಮೆಸ್ಸಿನವರ ಹತ್ತಿರ ಬಿಟ್ಟು ಇನ್ಯಾರ ಹತ್ತಿರವೂ ಪೂರ್ತಿ ವಾಕ್ಯ ಮಾತಾಡಿದ್ದಿಲ್ಲ.

ನನಗೆ ಸೊಪ್ಪು ಕೊಟ್ಟ ಸೀನಿಯರ್ ಒಳ್ಳೆಯವನು. ಅದೇ ತೊಂದರೆ ನೋಡಿ. ಕೆಟ್ಟವನಾಗಿದ್ದರೆ ಬೇಡ ಅನ್ನಬಹುದಿತ್ತು. ಇಡೀ ಕಟ್ಟಡದಲ್ಲಿ 'ಊಟ ಆಯ್ತಾ ಮಾರಾಯಾ' ಅಂತ ಕೇಳುತ್ತಿದ್ದವನು ಅವನೊಬ್ಬನೇ. ಆ ತಾರಸಿಗೆ ನಾನು ಹೋಗಿದ್ದು ಗಾಂಜಾಕ್ಕಲ್ಲ, ಆ ಪ್ರಶ್ನೆಗೆ. ಆಮೇಲೆ ಗಾಂಜಾಕ್ಕೇ ಹೋದೆ, ಅದು ಬೇರೆ ಮಾತು.

ಮನೆಗೆ ಗೊತ್ತಾದ ಮೇಲೂ ಒಂದು ವರ್ಷ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ಕೇಸ್ ಆಗುತ್ತದೆ ಅನ್ನುವ ಭಯ. ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆ 1985ರದ್ದು. ಅದರಲ್ಲಿ ಸೇವನೆಗೂ ಶಿಕ್ಷೆ ಇದೆ ನಿಜ. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್ ಒಂದಿದೆ: ಸೇವನೆಯ ಕೇಸ್ ಇದ್ದವನು, ಅಥವಾ ಸ್ವಲ್ಪ ಪ್ರಮಾಣ ಸಿಕ್ಕಿಬಿದ್ದವನು, ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು ಅಷ್ಟೇ. ಇದನ್ನು ನಮ್ಮಪ್ಪನಿಗೆ ಹೇಳಿದವರು ಯಾರೂ ಇರಲಿಲ್ಲ. 'ಒಳಗೆ ಹಾಕ್ತಾರೆ' ಅಂದವರು ಮಾತ್ರ ಬೇಕಾದಷ್ಟು ಜನ.

ಓದಿದ್ದರಲ್ಲಿ ನನಗೆ ತಲೆಯಲ್ಲಿ ಉಳಿದದ್ದು ವಿಯೆಟ್ನಾಂ ಕಥೆ. ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಅಲ್ಲಿ ಹೆರಾಯಿನ್‌ಗೆ ಅಂಟಿಕೊಂಡಿದ್ದರು. ಇವರೆಲ್ಲ ವಾಪಸ್ ಬಂದರೆ ದೇಶದ ಗತಿಯೇನು ಅಂತ ಸರ್ಕಾರಕ್ಕೆ ದಿಗಿಲು. 1971ರಲ್ಲಿ ವಾಪಸಾದವರನ್ನು ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಹುಡುಕಿ ಹುಡುಕಿ ಮಾತಾಡಿಸಿದರು. ಬಹುಪಾಲು ಜನ ಊರಿಗೆ ಬಂದ ಮೇಲೆ ಮತ್ತೆ ಚಟಕ್ಕೆ ಬಿದ್ದಿರಲಿಲ್ಲ. ಜಾಗ ಬದಲಾಯಿತು, ಚಟ ಅಲ್ಲೇ ಉಳಿಯಿತು.

ಪೆನ್ಸಿಲ್ ಗೀಟು

ಬಸಣ್ಣ, ನೀವು ಹೇಳಿದ್ದರ ಉಲ್ಟಾ ನಾನು ದಿನಾ ನೋಡುತ್ತೇನೆ. ಆ ಸೈನಿಕರಿಗೆ ವಾಪಸ್ ಹೋಗೋಕೆ ಬೇರೆ ಊರು ಇತ್ತು. ನಮ್ಮಲ್ಲಿ ಇಪ್ಪತ್ತೊಂದು ದಿನ ಇದ್ದು ಹೊಳೆಯುವ ಮುಖ ಹೊತ್ತು ಹೊರಟವನು ವಾಪಸ್ ಹೋಗೋದು ವಿಯೆಟ್ನಾಂಗೇ. ಅದೇ ಮೇಸ್ತ್ರಿ, ಅದೇ ಸಂಬಳದ ದಿನ, ಮನೆಗೆ ಹೋಗುವ ದಾರಿಯಲ್ಲಿ ಅದೇ ತಿರುವು. ನಾವು ಆಸ್ಪತ್ರೆಯಲ್ಲಿ ಅವನ ಮೈ ತೊಳೆದು ಕಳಿಸುತ್ತೇವೆ. ಆ ತಿರುವನ್ನು ಯಾರು ತೊಳೆಯೋದು?

ಪೆನ್ಶನ್ ಪುಸ್ತಕ

ಮೇಸ್ತ್ರಿ, ಕೂಲಿಯವರ ಮಾತು ಬಂತು. ನಮ್ಮಂಥವರ ಮಾತು ಯಾರೂ ಆಡಲಿಲ್ಲ, ಆಡುವುದೂ ಇಲ್ಲ. ಕೂಲಿಯವನು ಕುಡಿದರೆ ಕುಡುಕ. ನಾನು ಕುಡಿದರೆ 'ಸರ್ ಸೋಷಿಯಲ್ ಡ್ರಿಂಕರ್'.

ಮೂವತ್ತೆಂಟು ವರ್ಷ ಬ್ಯಾಂಕು. ಬೆಳಿಗ್ಗೆಯಿಂದ ಸಂಜೆವರೆಗೆ ಜನ. ನಿವೃತ್ತಿ ದಿನ ಶಾಲು, ಹಣ್ಣಿನ ಬುಟ್ಟಿ, ಗಣಪತಿ ವಿಗ್ರಹ. ಮಾರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗಡಿಯಾರ ನೋಡಿದೆ, ಹನ್ನೊಂದೇ ಆಗಿತ್ತು. ಮತ್ತೆ ನೋಡಿದೆ, ಹನ್ನೊಂದೂ ಐದು. ಮಗ ಡಲ್ಲಾಸ್‌ನಲ್ಲಿ, ಮಗಳು ಪುಣೆಯಲ್ಲಿ. ಮೊದಲು ವಾರಕ್ಕೊಮ್ಮೆ ಕ್ಲಬ್ಬಿನಲ್ಲಿ ಎರಡು ಪೆಗ್ ಇತ್ತು. ಆಮೇಲೆ ಸಂಜೆ ಆರು ಅನ್ನುವುದು ದಿನದಲ್ಲಿ ಕಾಯುವ ಒಂದೇ ಹೊತ್ತಾಯಿತು. ಆಮೇಲೆ ಆರು ಅನ್ನುವುದು ಐದಾಯಿತು, ನಾಲ್ಕಾಯಿತು. ಬಚ್ಚಲುಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದಾಗ ಮಕ್ಕಳಿಗೆ 'ಟೈಲ್ಸ್ ಜಾರಿತು' ಅಂತ ಹೇಳಿದ್ದು ನನ್ನ ಹೆಂಡತಿ. ಟೈಲ್ಸ್ ಬದಲಾಯಿಸಿಯೂ ಬಿಟ್ಟರು ಪಾಪ.

ಬೆಳಗಿನ ಪಾಳಿ

ನಾನು ಇಲ್ಲಿ ಓದುವವಳು, ಬರೆಯುವವಳಲ್ಲ. ಇವತ್ತು ಬರೆಯುತ್ತೇನೆ.

ನಮ್ಮಪ್ಪ ಚರಂಡಿ ಗುಂಡಿಗೆ ಇಳಿಯುತ್ತಿದ್ದರು. ಇಳಿಯುವ ಮೊದಲು ಕೆಲಸ ಮಾಡಿಸುವವನು ಒಂದು ಸಾರಾಯಿ ಪಾಕೀಟು ಕೈಗಿಡುತ್ತಿದ್ದ. ಸಲಿಕೆ, ಬಕೆಟ್ಟು, ಹಗ್ಗ, ಪಾಕೀಟು. ಕೆಲಸದ ಸಾಮಾನಿನ ಜೊತೆ ಅದೂ ಒಂದು. 2007ರ ಜುಲೈ 1ಕ್ಕೆ ಸಾರಾಯಿ ಬಂದ್ ಆಯಿತು. ಗುಂಡಿ ಬಂದ್ ಆಗಲಿಲ್ಲ. ಪಾಕೀಟಿನ ಬದಲು ಕ್ವಾರ್ಟರ್ ಬಂತು, ಅದರ ದುಡ್ಡು ಮಾತ್ರ ಕೂಲಿಯಲ್ಲಿ ಮುರಿದುಕೊಂಡರು. ಕೈಯಿಂದ ಮಲ ಬಳಿಯುವ ಕೆಲಸವನ್ನು 2013ರ ಕಾಯ್ದೆ ಪೂರ್ತಿ ನಿಷೇಧಿಸಿದೆ. ಅಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದರು. ಲಿವರ್ ಅಂದರು.

ಅಪ್ಪ ಭಾನುವಾರ ಕುಡಿಯುತ್ತಿರಲಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾರೆ, ಶುರುವಿನ ವರ್ಷಗಳಲ್ಲಿ. ಭಾನುವಾರ ಗುಂಡಿಗೆ ಇಳಿಯುವುದು ಇರುತ್ತಿರಲಿಲ್ಲ. ನೇರ ಮಾತು ಅವರೇ, ಆ ಮುಚ್ಚಳದ ಹತ್ತಿರ ಒಮ್ಮೆ ಮೂಗು ಮುಚ್ಚಿಕೊಳ್ಳದೆ ನಿಂತು ನೋಡಿ.

ನೇರ ಮಾತು

ತಂಗಿ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮಪ್ಪ ಯಾವತ್ತೂ ಅಂಥ ಜಾಗದಲ್ಲಿ ನಿಲ್ಲಬೇಕಾಗಿ ಬರಲಿಲ್ಲ. ಅದು ಅವರ ಗಟ್ಟಿತನ ಮಾತ್ರ ಅಲ್ಲ ಅಂತ ಒಪ್ಪುತ್ತೇನೆ.

ಆದರೂ ಒಂದು ಪ್ರಶ್ನೆ ಉಳಿದೇ ಇದೆ. ಕಾರಣ ಎಲ್ಲಾ ಸರಿ, ಆಮೇಲೆ? ಸಾರಾಯಿ ನಿಲ್ಲಿಸಿದರು, ಬೇರೆ ಬಂತು. ಈಗ ನಮ್ಮೂರ ಕಿರಾಣಿ ಅಂಗಡಿಯಲ್ಲೂ ಸಕ್ಕರೆ ಡಬ್ಬದ ಹಿಂದೆ ಸಿಗುತ್ತದೆ. ಬಾರಿಗೆ ಹೋಗಲು ನಾಚಿಕೆ ಪಡುವವನಿಗೂ ಅಲ್ಲಿ ನಾಚಿಕೆ ಇಲ್ಲ, ಕಡಲೆಬೇಳೆ ತರೋಕೆ ಹೋದ ಹಾಗೆ ಹೋಗಿ ಬರುತ್ತಾನೆ.

ಹೊಳೆದಂಡೆ

ಅದಕ್ಕೇ ಅಲ್ವಾ 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋಗಿದ್ದು, ಮದ್ಯ ನಿಷೇಧ ಮಾಡಿ ಅಂತ. ನಮ್ಮ ಜಿಲ್ಲೆಯವರೂ ಇದ್ದರು. ಕಾಲಲ್ಲಿ ಬೊಬ್ಬೆ ಎದ್ದಿತು. ಸರ್ಕಾರದ ಕಡೆ ನೋಡಿದರೆ 2025-26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ಗುರಿ ಅಂತ ಇಟ್ಟ ಮೇಲೆ ಯಾರಾದರೂ ಕುಡಿದು ಮುಟ್ಟಿಸಬೇಕಲ್ಲ.

ಕಂಬಿ ಸಿಮೆಂಟು

ನಾನು ಸಣ್ಣ ಕಂಟ್ರಾಕ್ಟರ್. ಸೆಂಟ್ರಿಂಗ್, ಗಾರೆ ಕೆಲಸ. ಪೆನ್ಸಿಲ್ ಸರ್ 'ಆ ತಿರುವು' ಅಂದರಲ್ಲ, ಆ ತಿರುವು ಹೇಗೆ ಆಗುತ್ತದೆ ಅಂತ ನಾನು ಹೇಳುತ್ತೇನೆ. ಅದನ್ನು ಮಾಡಿದವರಲ್ಲಿ ನಾನೂ ಒಬ್ಬ.

ನಮ್ಮಲ್ಲಿ ಶನಿವಾರ ಸಂಜೆ ಬಟವಾಡೆ. ನಾನು ಮೇಸ್ತ್ರಿ ಕೈಗೆ ಐನೂರರ ನೋಟಿನ ಕಟ್ಟು ಕೊಡುತ್ತಿದ್ದೆ. ಒಬ್ಬನ ಲೆಕ್ಕ 4,200, ಇನ್ನೊಬ್ಬನದು 3,850, ಮತ್ತೊಬ್ಬ ವಾರದ ಮಧ್ಯೆ ಇನ್ನೂರು ತಗೊಂಡಿರುತ್ತಾನೆ. ಚಿಲ್ಲರೆ ಎಲ್ಲಿ ತರೋದು? ಶನಿವಾರ ಸಂಜೆ ಹೊತ್ತಲ್ಲಿ ಅಷ್ಟು ಚಿಲ್ಲರೆ ಇರೋದು ಒಂದೇ ಜಾಗದಲ್ಲಿ. ಮೇಸ್ತ್ರಿ ಎಲ್ಲರನ್ನೂ ಬಾರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಸುಮ್ನೆ ಚಿಲ್ಲರೆ ಕೇಳಿದರೆ ಕೊಡ್ತಾರಾ? ಏನಾದರೂ ತಗೋಬೇಕು. ಲೆಕ್ಕ ಅಲ್ಲೇ ಟೇಬಲ್ ಮೇಲೆ ಆಗುತ್ತಿತ್ತು.

ಯಾದಗಿರಿ ಕಡೆಯಿಂದ ಒಬ್ಬ ಹುಡುಗ ಬಂದಿದ್ದ, ಇಪ್ಪತ್ತು ವರ್ಷ. ಆರು ತಿಂಗಳು ಅದೇ ಟೇಬಲ್ಲಿನಲ್ಲಿ ಸೋಡಾ ಕುಡಿದ. ಏಳನೇ ತಿಂಗಳು ಸೋಡಾಕ್ಕೆ ಇನ್ನೇನೋ ಸೇರಿತು. ಮೂರನೇ ವರ್ಷ ಎರಡನೇ ಮಹಡಿಯ ಸಾರುವೆ ಮೇಲಿಂದ ಬಿದ್ದ. ಬದುಕಿದ, ಆದರೆ ಮತ್ತೆ ಕಂಬಿ ಎತ್ತುವ ಹಾಗಿಲ್ಲ. ಅವನಿಗೆ ಮೊದಲು ಕೊಟ್ಟಿದ್ದು ಮೇಸ್ತ್ರಿ ಅಂತ ನಿಮ್ಮ ಫಾರಂನಲ್ಲಿ ಬರೆಯುತ್ತೀರಿ. ಮೇಸ್ತ್ರಿಯನ್ನು ಅಲ್ಲಿಗೆ ಕಳಿಸಿದ್ದು ನನ್ನ ಐನೂರರ ನೋಟು.

ಈಗ ಬಟವಾಡೆ ಮಂಗಳವಾರ ಬೆಳಿಗ್ಗೆ, ಕೆಲಸ ಶುರುವಾಗುವ ಮುಂಚೆ, ಒಬ್ಬೊಬ್ಬನ ಫೋನಿಗೆ ನೇರ. ಎಲ್ಲರೂ ಬಿಟ್ಟರು ಅಂತ ಸುಳ್ಳು ಹೇಳಲ್ಲ. ಹನ್ನೆರಡು ಜನರಲ್ಲಿ ಇಬ್ಬರು ಮಂಗಳವಾರವೇ ಹೋಗುತ್ತಾರೆ. ಉಳಿದವರು ಹೋದರೂ ಒಬ್ಬೊಬ್ಬರೇ ಹೋಗಬೇಕು. ಹೊಸ ಹುಡುಗರಂತೂ ಹೋಗುವುದೇ ಇಲ್ಲ, ಅವರಿಗೆ ಆ ಟೇಬಲ್ ಗೊತ್ತೇ ಇಲ್ಲ.

ಸಾಸಿವೆ ಒಗ್ಗರಣೆ

ಹೆಂಡತಿಯ ಖಾತೆಗೇ ಹಾಕಿಬಿಡಬಹುದಲ್ಲ ಕಂಬಿ ಸಿಮೆಂಟು ಅಣ್ಣ?

ಹೊಲಿಗೆ ಮಿಷನ್

ಬೇಡ ಅಕ್ಕ. ನಮ್ಮ ಮನೆಯವರ ಮೇಸ್ತ್ರಿ ಒಮ್ಮೆ ಹಾಗೆ ಮಾಡಿದರು. ಅವತ್ತು ರಾತ್ರಿ ನನಗೆ ಹೊಡೆತ. 'ನನ್ನ ದುಡಿಮೆ ನಾನೇ ಭಿಕ್ಷೆ ಬೇಡಬೇಕಾ' ಅಂತ. ದುಡ್ಡು ಕೊಟ್ಟೆ. ಕೊಡದೆ ಏನು ಮಾಡಲಿ, ಮಕ್ಕಳು ಎದ್ದು ಕೂತಿದ್ದರು.

ನಮ್ಮ ಮನೆಯವರೂ ಸೆಂಟ್ರಿಂಗ್ ಕೆಲಸವೇ. ವಯಸ್ಸು ಮೂವತ್ತೆಂಟು. ಎರಡು ವರ್ಷದ ಹಿಂದೆ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿದ್ದರು. ವಾಪಸ್ ಬಂದಾಗ ಹೂವು ಹಾಕಿ ಕರೆದುಕೊಂಡು ಬಂದೆವು. ಮಗಳು ಕಾಲಿಗೆ ಬಿದ್ದಳು, ಅವರು ಅತ್ತರು. ಹದಿನೇಳು ದಿನ ಚೆನ್ನಾಗಿತ್ತು. ಹದಿನೆಂಟನೇ ದಿನ ಶನಿವಾರ. ಜೊತೆಯವರು 'ಏನೋ ಸ್ವಾಮೀಜಿ ಆಗಿಬಿಟ್ಯಾ' ಅಂದರಂತೆ.

ಈಗ ಮತ್ತೆ ಆಸ್ಪತ್ರೆಯಲ್ಲಿದ್ದಾರೆ. ಈ ಸಲ ಅವರೇ ಹೋಗಿದ್ದು. ಈ ಗುರುವಾರ ಮನೆಗೆ ಕಳಿಸುತ್ತಾರೆ. ಶನಿವಾರ ಬಟವಾಡೆ, ಹಳೇ ಬಾಕಿ ಹದಿನಾಲ್ಕು ಸಾವಿರ ಇದೆ, ಹೋಗದೆ ಇರೋಕೂ ಆಗಲ್ಲ. ನಾನು ಏನು ಮಾಡಲಿ ಹೇಳಿ.

ಪೆನ್ಸಿಲ್ ಗೀಟು

ತಂಗಿ, ಮೊದಲನೆಯದು, ಹದಿನೇಳು ದಿನ ಸೋತಿದ್ದಲ್ಲ. ಆ ಸಮೀಕ್ಷೆ ಪ್ರಕಾರ ಕುಡಿತಕ್ಕೆ ಅಂಟಿಕೊಂಡವರಲ್ಲಿ ಏನಾದರೂ ಚಿಕಿತ್ಸೆ ಪಡೆದವರು 38 ಜನಕ್ಕೆ ಒಬ್ಬರು. ನಿಮ್ಮವರು ಎರಡು ಸಲ ಹೋಗಿದ್ದಾರೆ.

ಆಸ್ಪತ್ರೆಯವರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ, ಫಾಲೋಅಪ್ ದಿನ ಬರೆದುಕೊಳ್ಳಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಕುಡಿತ ಬಿಟ್ಟವರನ್ನು ಸೇರಿಸಿ ನವಜೀವನ ಸಮಿತಿ ಅಂತ ಮಾಡುತ್ತಾರೆ, ನಿಮ್ಮೂರಲ್ಲಿ ಇದೆಯಾ ವಿಚಾರಿಸಿ. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್‌ನವರ ಸಭೆ ಇದ್ದರೆ ಅದೂ ಆದೀತು. ಅವರಿಗೆ ಬೇಕಿರುವುದು ಸ್ವಾಮೀಜಿ ಅಂತ ಕರೆಯದ ನಾಲ್ಕು ಜನ. ರಾತ್ರಿ ಹೊತ್ತು ಕಷ್ಟ ಆದರೆ 14446 ವ್ಯಸನಮುಕ್ತಿ ಸಹಾಯವಾಣಿ, 14416 ಮಾನಸಿಕ ಆರೋಗ್ಯದ ಟೆಲಿ ಮನಸ್. ಹೊಡೆತ ಮತ್ತೆ ಬಂದರೆ ಸಹಿಸಿಕೊಂಡು ಕೂರಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಮಾಡಿ.

ಶನಿವಾರದ್ದು ಮಾತ್ರ ನನ್ನ ಕೈಯಲ್ಲಿ ಇಲ್ಲ.

ಪೆನ್ಶನ್ ಪುಸ್ತಕ

ಶನಿವಾರ ಸಂಜೆ ನನಗೂ ಕೆಲಸ ಇಲ್ಲ. ಅವರು ಯಾವ ಊರಿನವರೋ ಗೊತ್ತಿಲ್ಲ. ಫೋನಿನಲ್ಲಿ ಮಾತಾಡುತ್ತಾ ಕೂರಬಹುದು ಅಂದರೆ ಐದರಿಂದ ಎಂಟು ನಾನು ಇದ್ದೇನೆ. ನನಗೂ ಅದೇ ಹೊತ್ತು ಕಷ್ಟ.

ಕಂಬಿ ಸಿಮೆಂಟು

ತಂಗಿ, ಊರು ಇಲ್ಲಿ ಹಾಕಬೇಡಿ. ನಿಮ್ಮ ಮನೆಯವರನ್ನು ಕೇಳಿ, ಅವರು ಒಪ್ಪಿದರೆ ಮೇಸ್ತ್ರಿ ನಂಬರ್ ನನಗೆ ಮೆಸೇಜ್ ಮಾಡಿ. ಈ ಲೈನಿನಲ್ಲಿ ಒಬ್ಬರಿಗೊಬ್ಬರು ಗೊತ್ತಿರುತ್ತೇವೆ. ಬಾಕಿ ಹದಿನಾಲ್ಕನ್ನು ಶುಕ್ರವಾರ ಬೆಳಿಗ್ಗೆ ಅವರ ಫೋನಿಗೇ ಹಾಕಿಸೋಕೆ ಪ್ರಯತ್ನ ಮಾಡುತ್ತೇನೆ. ನಿಮ್ಮ ಖಾತೆಗೆ ಅಲ್ಲ, ಅವರದ್ದಕ್ಕೇ.

ಹೊಲಿಗೆ ಮಿಷನ್

ಈಗಷ್ಟೇ ಆಸ್ಪತ್ರೆಗೆ ಹೋಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಂಬರ್ ಅವರೇ ಬಾಯಲ್ಲಿ ಹೇಳಿದರು. ಮೆಸೇಜ್ ಮಾಡಿದ್ದೇನೆ ಅಣ್ಣ, ನೋಡಿ.